ಅಕ್ಕನ ಕಾಫಿ, ತಮ್ಮನ ಗಂಟಲು

ಅಕ್ಕ ಇಸ್ತ್ರಿ ಮಾಡಿದ ಅಂಗಿಯ ತೋಳಿನ ಮೇಲೆ ಎರಡನೇ ಗೆರೆ ಕಂಡುಹಿಡಿಯಲು ಹೊರಟವರು ಇನ್ನೂ ಹುಡುಕುತ್ತಲೇ ಇದ್ದಾರೆ. ಪೇಟೆಬೀದಿಯ ತಿರುವಿನ ಲಾಂಡ್ರಿಯಲ್ಲಿ, ಕಿಟಕಿಗೆ ಒತ್ತಿಕೊಂಡ ಮೇಜು ಅವಳದು. ಮೊದಲು ಕಾಲರು, ಆಮೇಲೆ ತೋಳಿನ ಪಟ್ಟಿ, ಆಮೇಲೆ ಬೆನ್ನು, ಕೊನೆಗೆ ಗುಂಡಿಯ ಸಾಲು. ಈ ಕ್ರಮ ತಪ್ಪಿದರೆ ಅಂಗಿ ತನ್ನ ಮೇಲೆ ಮುನಿಸಿಕೊಳ್ಳುತ್ತದೆ ಎಂಬಂತೆ ಕೆಲಸ ಮಾಡುವವಳು. ಇನ್ನು ಗಿರಾಕಿಗಳು ತಂದು ಹಾಕುವ ಗಂಟುಗಳಲ್ಲಿ ಏನೇನಿರುತ್ತದೆ ಎಂದು ಕೇಳಲೇಬಾರದು. ಮೀನಂಗಡಿಯವನ ಏಪ್ರನ್ನು, ಓಟದ ಅಭ್ಯಾಸ ಮಾಡುವವರ ಕಾಲುಚೀಲ, ಯಾರದೋ ಮನೆಯ ನಾಯಿ ಮಲಗೆದ್ದ ಹೊದಿಕೆ. ಉಳಿದ ಕೆಲಸದವರು ಮೂಗಿಗೆ ಬಟ್ಟೆ ಕಟ್ಟಿ, ಮುಖ ಆ ಕಡೆ ತಿರುಗಿಸಿ ಗಂಟು ಬಿಚ್ಚಿದರೆ, ಅಕ್ಕ ಯಾರೋ ಪ್ರೀತಿಯಿಂದ ಕಳಿಸಿದ ಉಡುಗೊರೆ ಬಿಚ್ಚುವಂತೆ ಬಿಚ್ಚುತ್ತಿದ್ದಳು. ಲಾಂಡ್ರಿಯ ಮಾಲೀಕರು ಇದನ್ನು ತಾಳ್ಮೆ ಎಂದು ಕರೆದು, ಎಲ್ಲರೂ ಅವಳನ್ನು ನೋಡಿ ಕಲಿಯಬೇಕೆಂದು ಹೇಳಿದ್ದರು. ಮನೆಯವರೂ ಅದನ್ನು ತಾಳ್ಮೆಯೆಂದೇ ನಂಬಿದ್ದರು.

ಇಷ್ಟು ಅಚ್ಚುಕಟ್ಟಿನ ಅಕ್ಕನ ಕೈಯಲ್ಲಿ ಕೆಡುತ್ತಿದ್ದ ಕೆಲಸ ಒಂದೇ ಒಂದು. ಅದು ಕಾಫಿ.

ಕೆಡುವುದೆಂದರೆ ಸಾಧಾರಣ ಕೆಡುವುದಲ್ಲ. ಹಿಂದಿನ ದಿನದ ಚರಟದ ಮೇಲೇ ಹೊಸ ಪುಡಿ ಸುರಿದು, ತಣ್ಣೀರು ಹೊಯ್ದು, ಪಾತ್ರೆಯನ್ನು ಒಲೆಗೇರಿಸಿ ಅವಳು ಬೇರೆ ಕೆಲಸಕ್ಕೆ ಹೋಗಿಬಿಡುತ್ತಿದ್ದಳು. ಅದು ಕೊತಕೊತ ಕುದ್ದು, ಉಕ್ಕಿ, ಇಳಿದು, ಮತ್ತೆ ಉಕ್ಕಿ, ಇನ್ನು ನನ್ನ ಕೈಲಾಗದು ಎಂದು ಸುಮ್ಮನಾದ ಮೇಲೆ ಹಾಲು ಸುರಿದು ಇನ್ನೊಂದು ಸುತ್ತು ಕುದಿಸುತ್ತಿದ್ದಳು. ಪುಡಿ ಇಟ್ಟಿದ್ದು ಲಾಂಡ್ರಿಯಿಂದ ತಂದ ಸೋಪಿನ ಪುಡಿಯ ಖಾಲಿ ಡಬ್ಬಿಯಲ್ಲಿ. ಮುಚ್ಚಳ ಬಿಗಿ, ಗಾಳಿಯಾಡುವುದಿಲ್ಲ, ಅದಕ್ಕಿಂತ ಚೊಕ್ಕಟವಾದ ಡಬ್ಬಿ ಎಲ್ಲಿದೆ ತೋರಿಸಿ ಎನ್ನುವುದು ಅವಳ ವಾದ. ಹೀಗಾಗಿ ಕುಡಿದವರಿಗೆ ಮೊದಲು ಕಹಿ, ನಡುವೆ ಸುಟ್ಟ ರುಚಿ, ಕೊನೆಯಲ್ಲಿ ಆಗಷ್ಟೇ ಒಗೆದು ಹರವಿದ ಬೆಡ್‌ಶೀಟನ್ನು ನೆಕ್ಕಿದ ಅನುಭವ.

ಇದನ್ನು ದಿನಾ ಬೆಳಿಗ್ಗೆ ಕುಡಿದು, ಹೊಗಳಿ, ಮೂತಿ ಒರೆಸಿಕೊಂಡು ಕೆಲಸಕ್ಕೆ ಹೋಗುತ್ತಿದ್ದವನು ಅವಳ ತಮ್ಮ. ಹೊಗಳುವುದು ಅವನ ಕಸುಬಿಗೆ ಹತ್ತಿರದ್ದೇ. ಲಿಫ್ಟ್ ರಿಪೇರಿ ಮಾಡುವ ಕಂಪನಿಯಲ್ಲಿ ಫೋನಿನ ಮುಂದೆ ಕೂರುವ ಕೆಲಸ ಅವನದು. ಎರಡು ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡವರು ಲಿಫ್ಟಿನೊಳಗಿಂದ ಗುಂಡಿ ಒತ್ತಿದರೆ ಇವನ ಕಿವಿಯಲ್ಲಿ ಗಂಟೆ ಬಾರಿಸುತ್ತದೆ. ಮೆಕ್ಯಾನಿಕ್ಕು ಎದುರಿನ ಸ್ಟೂಲಿನ ಮೇಲೆ ಕೂತು ಬಿಸ್ಕತ್ತು ಅದ್ದಿ ತಿನ್ನುತ್ತಿದ್ದರೂ, ಅವರು ಹೊರಟಾಯಿತು, ನಿಮ್ಮ ಬೀದಿಗೇ ಬಂದರು, ನೀವು ನಿಶ್ಚಿಂತೆಯಾಗಿರಿ ಎಂದು ಇವನು ಬೆಣ್ಣೆಯಂಥ ದನಿಯಲ್ಲಿ ಹೇಳಬೇಕು. ಹೇಳಿ ಹೇಳಿ ಎಷ್ಟು ಪಳಗಿದ್ದನೆಂದರೆ ಆಫೀಸಿನವರು ಅವನ ಹೆಸರನ್ನೇ ಮರೆತು ಸಮಾಧಾನಪ್ಪ ಎಂದು ಕರೆಯುತ್ತಿದ್ದರು. ಕಂಪನಿಯಲ್ಲಿ ಸಂಬಳಕ್ಕೆ ಮಾಡುತ್ತಿದ್ದುದನ್ನು ಮನೆಯಲ್ಲಿ ಬಿಟ್ಟಿಯಾಗಿ ಮಾಡುತ್ತಿದ್ದ, ಅಷ್ಟೇ ವ್ಯತ್ಯಾಸ. ಅದು ಬಿಟ್ಟರೆ ಅವನಿಗೆ ಬೇರೆ ವಿದ್ಯೆಯಿರಲಿಲ್ಲ. ನೀರು ಕಾಯಿಸಲು ಹೇಳಿದರೂ ಎಷ್ಟು ಹೊತ್ತು ಎಂದು ಕೇಳುವ ಜಾತಿ.

ಶುರುವಾದದ್ದು ಹೀಗೆ. ಅಮ್ಮ ತೀರಿಕೊಂಡ ಮೇಲೆ ಅಕ್ಕ ಮೊದಲ ಸಲ ಒಲೆಯ ಮುಂದೆ ನಿಂತು ಕಾಫಿ ಮಾಡಿದ ಬೆಳಿಗ್ಗೆ ಲೋಟ ಕೊಟ್ಟು ಇಬ್ಬರ ಮುಖವನ್ನೂ ನೋಡುತ್ತ ಅಲ್ಲೇ ನಿಂತಳು. ಅಪ್ಪ ಒಂದು ಗುಟುಕು ಕುಡಿದು ಚೆನ್ನಾಗಿದೆ ಕಣಮ್ಮ ಎಂದರು. ತಮ್ಮ ಸೂಪರ್ ಎಂದ. ಆಗಿನ ಕಾಫಿ ನಿಜಕ್ಕೂ ಕುಡಿಯುವಂತಿತ್ತೋ ಏನೋ, ಈಗ ಯಾರಿಗೂ ನೆನಪಿಲ್ಲ. ವರ್ಷಗಳು ಉರುಳಿದಂತೆ ಕಾಫಿ ಕೆಡುತ್ತ ಹೋಯಿತು. ಹೊಗಳಿಕೆ ಮಾತ್ರ ಕಾಲೂರಿ ಅಲ್ಲೇ ನಿಂತಿತು. ಬಾಯಲ್ಲಿ ಇಟ್ಟುಕೊಳ್ಳಲಾಗದ್ದನ್ನು ಕುಡಿದು ಮುಗಿಸಲು ತಮ್ಮ ಒಂದು ಉಪಾಯ ಕಂಡುಕೊಂಡಿದ್ದ. ನಾಲಗೆಗೆ ಸುದ್ದಿ ಮುಟ್ಟುವ ಮೊದಲೇ ಗಟಗಟ ಇಳಿಸಿಬಿಡುವುದು. ಅಪ್ಪ ಬಸ್ ಓಡಿಸಿ ನಿವೃತ್ತರಾದವರು, ರಸ್ತೆಯ ಎಲ್ಲ ಹೊಂಡಗಳನ್ನೂ ಮುಖ ಚಲಿಸದೆ ದಾಟಿದವರು. ಅವರು ಕಾಫಿಯನ್ನು ನಿಧಾನವಾಗಿ ಕುಡಿದು, ಪೇಪರು ಮಡಿಸಿ, ಏನೂ ಆಗದವರಂತೆ ಏಳುತ್ತಿದ್ದರು. ಅಪ್ಪನ ನಟನೆಯ ಮುಂದೆ ತನ್ನದು ಏನೂ ಅಲ್ಲ ಎಂದು ತಮ್ಮ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದ.

ಈ ಏರ್ಪಾಡು ಯಾರಿಗೂ ತೊಂದರೆಯಿಲ್ಲದೆ ನಡೆಯುತ್ತಿದ್ದಾಗ ಒಂದು ರಾತ್ರಿ ಊಟಕ್ಕೆ ಕೂತಾಗ ಅಕ್ಕ ಸುದ್ದಿ ತಂದಳು. ಲಾಂಡ್ರಿಗೆ ಇಸ್ತ್ರಿಯ ಮಿಷನ್ ಬರುತ್ತದಂತೆ. ಅಂಗಿಯನ್ನು ಮನುಷ್ಯನಿಗೆ ತೊಡಿಸಿದ ಹಾಗೆ ಅದಕ್ಕೆ ತೊಡಿಸಿ ಗುಂಡಿ ಒತ್ತಿದರೆ ಬುಸ್ಸೆಂದು ಉಗಿ ಬಿಟ್ಟು ತಾನೇ ಗೆರೆ ತೆಗೆಯುತ್ತದಂತೆ. ಹಾಗಾಗಿ ಕಿಟಕಿ ಪಕ್ಕದ ಮೇಜು ಹೋಗುತ್ತದೆ. ಆ ಜಾಗದಲ್ಲಿ, ಬಟ್ಟೆಗಾಗಿ ಕಾಯುವವರಿಗೆಂದು ಮಾಲೀಕರು ಒಂದು ಪುಟ್ಟ ಕಾಫಿ ಕೌಂಟರ್ ಇಡುತ್ತಾರೆ. ಅದಕ್ಕೆ ಹೊರಗಿನಿಂದ ಯಾರನ್ನಾದರೂ ತರುವ ಯೋಚನೆಯಲ್ಲಿದ್ದರು. ಅಕ್ಕ ನೇರವಾಗಿ ಹೋಗಿ ನಾನಿದ್ದೀನಲ್ಲ ಎಂದುಬಿಟ್ಟಿದ್ದಾಳೆ.

"ನನ್ನ ಕಾಫಿ ಬಿಟ್ಟು ನಮ್ಮ ಮನೇಲಿ ಬೇರೆ ಕುಡಿಯಲ್ಲ ಅಂದೆ. ನನ್ನ ತಮ್ಮನಂತೂ ಲೋಟ ಕೈಗೆ ಸಿಕ್ರೆ ಒಂದೇ ಉಸಿರಿಗೆ ಖಾಲಿ ಮಾಡ್ತಾನೆ, ಬೇಕಾದ್ರೆ ಬಂದು ನೋಡಿ ಅಂದೆ. ಭಾನುವಾರ ಬರ್ತಾರಂತೆ."

ತಮ್ಮ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದ. ಅವರಿಗೆ ಇಷ್ಟವಾಗದಿದ್ದರೆ, ಎಂದು ಮೆಲ್ಲಗೆ ಕೇಳಿದ. ಇಷ್ಟವಾಗದಿದ್ದರೆ ಲಾಂಡ್ರಿಯಲ್ಲಿ ತನಗೆ ಇನ್ನು ಜಾಗವಿಲ್ಲ, ಬೇರೆ ಕಡೆ ನೋಡಿಕೊಳ್ಳಬೇಕು, ಆದರೆ ಈಗ ಎಲ್ಲ ಕಡೆಯೂ ಮಿಷನ್ನೇ ಬಂದಿದೆ ಎಂದು ಅಕ್ಕ ಬೇರೆ ಯಾರದೋ ವಿಷಯ ಹೇಳುವವಳಂತೆ ಹೇಳಿ, ಅವನ ತಟ್ಟೆಗೆ ಇನ್ನಷ್ಟು ಬಡಿಸಿದಳು. ಕಾಫಿಯ ವಿಷಯದಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಇರಲು ಅವನು ಬಿಟ್ಟಿದ್ದರೆ ತಾನೆ.

ಅಕ್ಕ ಮಲಗಲು ಹೋದಮೇಲೆ ಅವನು ಅಪ್ಪನ ಹತ್ತಿರ ಪಿಸುಗುಟ್ಟಿದ. ನೀವು ದೊಡ್ಡವರು, ನೀವೇ ಹೇಳಿಬಿಡಿ, ಎಂದ. ಏನಂತ ಹೇಳಲಿ, ಎಂದರು ಅಪ್ಪ. ಕಾಫಿ ಹೇಗಿದೆಯೋ ಹಾಗೆ ಹೇಳಿ, ಎಂದ. ಅಪ್ಪ ಕನ್ನಡಕ ಒರೆಸುತ್ತ, ಚೆನ್ನಾಗೇ ಇದೆಯಲ್ಲ, ಎಂದರು. ಇಂಥ ಹೊತ್ತಿನಲ್ಲೂ ಜಾರಿಕೊಳ್ಳುವ ಈ ಮುದುಕನ ಚಾಲಾಕಿತನ ನೋಡಿ ಮಗನಿಗೆ ಮೈಯೆಲ್ಲ ಉರಿಯಿತು.

ಉಳಿದದ್ದು ಸೂಚ್ಯವಾಗಿ ಹೇಳುವ ದಾರಿ. ಮರುದಿನ ಒಳ್ಳೆಯ ಅಂಗಡಿಯಿಂದ ಆಗಷ್ಟೇ ಬೀಸಿದ ಪುಡಿ ತಂದುಕೊಟ್ಟ. ಅಕ್ಕ ಸಂತೋಷಪಟ್ಟು ಅದನ್ನು ಸೋಪಿನ ಡಬ್ಬಿಗೆ ಸುರಿದಳು. ಕೆಲವರು ನೀರನ್ನು ಮೊದಲೇ ಕಾಯಿಸಿ ಆಮೇಲೆ ಪುಡಿಗೆ ಹಾಕುತ್ತಾರಂತೆ ಎಂದು ಗಾಳಿಗೆ ಹೇಳುವಂತೆ ಹೇಳಿದ. ಕೆಲವರಿಗೆ ಮಾಡಲು ಬೇರೆ ಕೆಲಸವಿರುವುದಿಲ್ಲ ಎಂದು ಅಕ್ಕನೂ ಗಾಳಿಗೇ ಉತ್ತರ ಕೊಟ್ಟಳು. ಹೀಗೆ ವಾರ ಕಳೆದು ಶನಿವಾರ ಬಂದೇಬಿಟ್ಟಿತು.

ಅಂದು ಅರ್ಧ ದಿನದ ಕೆಲಸ. ಮಧ್ಯಾಹ್ನ ಅವನು ಮನೆಯ ಮೆಟ್ಟಿಲು ಹತ್ತುತ್ತ ಭಾಷಣವನ್ನು ಬಾಯಿಪಾಠ ಮಾಡಿಕೊಂಡ. ಲಿಫ್ಟಿನಲ್ಲಿ ಸಿಕ್ಕಿದವರಿಗೆ ಹೇಳುವ ಮಾತುಗಳನ್ನೇ ಅಷ್ಟಿಷ್ಟು ತಿದ್ದಿದ್ದ. ಗಾಬರಿಯಾಗಬೇಡಿ, ತೊಂದರೆ ಏನೆಂದು ಗೊತ್ತಾಗಿದೆ, ಎಲ್ಲ ಸರಿಹೋಗುತ್ತದೆ. ಬಾಗಿಲು ತಳ್ಳಿದ. ಒಳಗಿಂದ ಸುಟ್ಟ ವಾಸನೆ ಮುಖಕ್ಕೆ ರಾಚಿತು. ಅಡುಗೆಮನೆಯಲ್ಲಿ ಅಕ್ಕ ಒಲೆಗೆ ಬೆನ್ನು ಹಾಕಿ ನಿಂತು, ಹಾಡು ಗುನುಗುತ್ತ ಟವೆಲ್ಲುಗಳನ್ನು ಮಡಿಸುತ್ತಿದ್ದಳು. ಅವಳ ಹಿಂದೆ ಒಂದು ಮೊಳ ದೂರದಲ್ಲಿ ಹಾಲು ಬತ್ತಿ, ತಳ ಹಿಡಿದು, ಕಪ್ಪು ಹೊಗೆ ಬಿಡುತ್ತಿತ್ತು.

"ಅಕ್ಕ, ಹಾಲು."

ಅವಳು ತಿರುಗಿ ನೋಡಿ, ಮಡಿಸುತ್ತಿದ್ದ ಟವೆಲ್ಲಿನಲ್ಲೇ ಪಾತ್ರೆ ಹಿಡಿದು ಕೆಳಗಿಟ್ಟಳು. ಅವನು ಕಿಟಕಿ ತೆರೆದು ಕೆಮ್ಮುತ್ತ ನಿಂತ.

"ಪಕ್ಕದಲ್ಲೇ ಇದ್ದೀಯ. ವಾಸನೆ ಬರಲಿಲ್ವಾ ನಿಂಗೆ?"

ಅಕ್ಕ ಚಮಚದಿಂದ ಪಾತ್ರೆಯ ತಳ ಕೆರೆಯತೊಡಗಿದಳು. ಕೆರೆದು ಕೆರೆದು, ಕೊನೆಗೆ ತಲೆಯೆತ್ತದೆ, "ಬರಲ್ಲ" ಎಂದಳು.

"ಏನು ಬರಲ್ಲ?"

"ವಾಸನೆ ಕಣೋ. ಹಿಂದೆ ಆ ಕೆಟ್ಟ ಜ್ವರ ಬಂದು ಮಲಗಿದ್ನಲ್ಲ, ಅವತ್ತಿಂದ ಇಲ್ಲ. ಗುಲಾಬಿನೂ ಅಷ್ಟೇ, ಗಟಾರನೂ ಅಷ್ಟೇ."

ಮೊದಮೊದಲು ಇವತ್ತು ಬಂದೀತು, ನಾಳೆ ಬಂದೀತು ಎಂದು ಕಾದಳಂತೆ. ಅಷ್ಟರಲ್ಲಿ ಲಾಂಡ್ರಿಯಲ್ಲಿ ಎಲ್ಲರೆದುರು ಅವಳ ತಾಳ್ಮೆಯನ್ನು ಕೊಂಡಾಡಿಬಿಟ್ಟರು. ಒಮ್ಮೆ ಇಸ್ಕೊಂಡ ಹೊಗಳಿಕೆಯನ್ನು ವಾಪಸ್ಸು ಕೊಡುವುದು ಹೇಗೆ? ಇದು ತಾಳ್ಮೆಯಲ್ಲ ಸಾರ್, ಮೂಗು ಕೆಟ್ಟಿದೆ ಎನ್ನಲು ನಾಚಿಕೆಯಾಯಿತು. ಮನೆಯಲ್ಲಿ ಹೇಳಿದರೆ ಅಪ್ಪ ಊರಿನ ಡಾಕ್ಟರುಗಳನ್ನೆಲ್ಲ ಸುತ್ತಿಸುತ್ತಾರೆ. ಹಾಗಾಗಿ ಬಾಯಿಗೆ ಬೀಗ ಹಾಕಿಕೊಂಡಳು. ನಾಲಗೆಗೆ ಉಪ್ಪು, ಸಿಹಿ, ಕಹಿ ಎಂದು ಮಬ್ಬುಮಬ್ಬಾಗಿ ತಿಳಿಯುತ್ತದೆ, ಅದರಾಚೆ ಎಲ್ಲ ಬಿಸಿನೀರೇ.

ತಮ್ಮನ ಭಾಷಣ ಎಲ್ಲೋ ಕಳಚಿ ಬಿದ್ದಿತ್ತು. "ಮತ್ತೆ ಕಾಫಿ ಹೇಗೆ ಮಾಡ್ತೀಯ?"

"ನಿನ್ನ ನೋಡ್ಕೊಂಡು."

"ನನ್ನ ಮುಖ ನೋಡಾ?"

"ನಿನ್ನ ಮುಖ ಯಾರಿಗೆ ಬೇಕು. ಅದು ಎಲ್ಲದಕ್ಕೂ ಹಲ್ಲು ಕಿರಿಯುತ್ತೆ. ಗಂಟಲು ನೋಡ್ತೀನಿ. ಒಂದಿನ ಮರೆತು ಜಾಸ್ತಿ ಕುದಿಸಿದ್ದೆ, ನೀನು ಗಟಗಟ ಅಂತ ಕುಡಿದುಬಿಟ್ಟೆ. ಓ, ಹುಡುಗನಿಗೆ ಹಿಡಿಸ್ತು ಅಂದ್ಕೊಂಡೆ. ಮಾರನೇ ದಿನ ಇನ್ನೂ ಕುದಿಸಿದೆ, ಇನ್ನೂ ಬೇಗ ಇಳೀತು. ಚರಟ ಹಾಗೇ ಬಿಟ್ಟೆ, ಉಸಿರೇ ತಗೊಳ್ಳಲಿಲ್ಲ ನೀನು. ಹಾಗೇ ಸುಧಾರಿಸ್ಕೊಂಡು ಬಂದೆ."

ಸಮಾಧಾನಪ್ಪ ಇಂಗು ತಿಂದ ಮಂಗನಂತೆ ನಿಂತ. ಇಷ್ಟು ವರ್ಷ ಆ ಕಾಫಿಯನ್ನು ಅಕ್ಕ ಒಬ್ಬಳೇ ಮಾಡುತ್ತಿದ್ದಾಳೆಂದು ತಿಳಿದಿದ್ದ. ಅದರಲ್ಲಿ ತನ್ನ ಗಂಟಲಿನ ಪಾಲು ಅರ್ಧಕ್ಕಿಂತ ಹೆಚ್ಚೆಂದು ಈಗ ಗೊತ್ತಾಯಿತು. ಅವನು ವೇಗವಾಗಿ ನುಂಗಿದಷ್ಟೂ ಅವಳು ಕೆಡಿಸಿದಳು, ಅವಳು ಕೆಡಿಸಿದಷ್ಟೂ ಅವನು ವೇಗವಾಗಿ ನುಂಗಿದ. ಇಬ್ಬರೂ ಸೇರಿ, ಪರಸ್ಪರ ಪ್ರೀತಿಯಿಂದ, ಒಂದು ಪಾನೀಯವನ್ನು ಪಾತಾಳಕ್ಕೆ ಇಳಿಸಿದ್ದರು.

"ಅಕ್ಕ, ಬಾಯಲ್ಲಿ ಇಟ್ಕೊಳ್ಳೋಕಾಗದೆ ನುಂಗ್ತಿದ್ದೆ ನಾನು."

ಅಕ್ಕ ಚಮಚ ಕೆಳಗಿಟ್ಟಳು. ಎಷ್ಟು ದಿನದಿಂದ, ಎಂದು ಕೇಳಿದಳು. ಜ್ವರ ಬಿಟ್ಟಾಗಿನಿಂದ, ಎಂದ. ಮಡಿಸಿದ ಟವೆಲ್ಲೊಂದು ಹಾರಿಬಂದು ಅವನ ಮುಖಕ್ಕೆ ಬಡಿಯಿತು. ಹಿಂದೆಯೇ ಇನ್ನೊಂದು. ಮೂರನೆಯದನ್ನು ಎತ್ತಿದವಳು ಎಸೆಯದೆ ಅದರಲ್ಲೇ ಕಣ್ಣೊರೆಸಿಕೊಂಡಳು. ಕತ್ತೆ ಎಂದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು, ಸ್ಟೂಲನ್ನು ಕಾಲಿನಿಂದ ಎಳೆದಳು.

"ನಾಳೆ ಬರ್ತಾರೆ ಅವರು. ಕೂತ್ಕೋ ಇಲ್ಲಿ."

ಮೊದಲು ಸೋಪಿನ ಡಬ್ಬಿ ಕಸದ ಬುಟ್ಟಿ ಸೇರಿತು, ಪುಡಿಯ ಸಮೇತ. ತಮ್ಮ ಓಡಿಹೋಗಿ ಹೊಸ ಪುಡಿ ತಂದ. ಅದು ಗಾಜಿನ ಜಾಡಿಗೆ ಹೋಯಿತು. ಸೋಸುವ ಬಟ್ಟೆಯನ್ನು ಅವನು ಮೂಸಿ ನೋಡಿ, ಇದೂ ಸೋಪೇ ಎಂದಾಗ, ಅಕ್ಕ ಅದನ್ನು ಬರೀ ಬಿಸಿನೀರಿನಲ್ಲಿ ಜಾಲಿಸಿ ಜಾಲಿಸಿ, ಅವನ ಮೂಗು ಒಪ್ಪುವ ತನಕ ಹಿಂಡಿದಳು. ಚರಟ ಪಾತ್ರೆಯಿಂದ ಎದ್ದು ಬರಲು ಒಪ್ಪಲಿಲ್ಲ, ಅದನ್ನು ಕೆತ್ತಿ ತೆಗೆಯಬೇಕಾಯಿತು.

ಆಮೇಲೆ ಪರೀಕ್ಷೆ. ಅಲ್ಲೊಂದು ತೊಡಕು ಎದುರಾಯಿತು. ಲೋಟ ತುಟಿಗೆ ತಾಗಿದೊಡನೆ ತಮ್ಮನ ಮುಖ ತಾನಾಗಿ ಅರಳಿ, ಬಾಯಿ ಸೂಪರ್ ಎಂದುಬಿಡುತ್ತಿತ್ತು. ವರ್ಷಗಳ ಅಭ್ಯಾಸ, ಬಿಡು ಎಂದರೆ ಬಿಡುತ್ತದೆಯೇ. ಕೊನೆಗೆ ಅಕ್ಕ ಅವನನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿ, ಮಾತಾಡಿದರೆ ನೋಡು ಎಂದು ಗದರಿಸಿ, ನಾಡಿ ಹಿಡಿಯುವವಳಂತೆ ಅವನ ಗಂಟಲಿನ ಮೇಲೆ ಎರಡು ಬೆರಳಿಟ್ಟು ನಿಂತಳು. ಗುಳಕ್ಕೆಂದು ಬೇಗ ಇಳಿದರೆ ಕೆಟ್ಟದ್ದು, ತಡೆದು ಇಳಿದರೆ ಪರವಾಗಿಲ್ಲ.

ಕುದಿಯುವ ನೀರನ್ನು ನೇರವಾಗಿ ಪುಡಿಯ ಮೇಲೆ ಹೊಯ್ದದ್ದು ಗುಳಕ್ಕೆಂದಿತು. ಒಲೆಯಿಂದ ಇಳಿಸಿ, ಗುಳ್ಳೆಯೆಲ್ಲ ಅಡಗಿ ನೀರು ಸುಮ್ಮನಾಗುವ ತನಕ ಕಾದು ಹೊಯ್ದದ್ದು ಸ್ವಲ್ಪ ತಡೆಯಿತು. ಒಂದೇ ಸಲಕ್ಕೆ ಸುರಿದರೆ ನೀರು ಪುಡಿಯನ್ನು ಮಾತಾಡಿಸದೆ ಓಡಿಹೋಗುತ್ತದೆ, ಗುಳಕ್. ಮೊದಲು ಎರಡು ಚಮಚ ಬಿಸಿನೀರಿನಿಂದ ಪುಡಿಯನ್ನು ನೆನೆಸಿ, ಅದು ಉಬ್ಬಿ ಉಸಿರು ಬಿಡುವುದನ್ನು ಕಾದು, ಆಮೇಲೆ ಸಣ್ಣ ಧಾರೆಯಾಗಿ ಬಿಟ್ಟಾಗ ಗಂಟಲು ಯೋಚನೆ ಮಾಡತೊಡಗಿತು. ಹಾಲನ್ನು ಬೇರೆಯಾಗಿ ಕಾಯಿಸಿ, ಉಕ್ಕುವ ಮೊದಲೇ ಇಳಿಸಿ, ಕಾಫಿಗೆ ಬೆರೆಸಿದ ಮೇಲೆ ಮತ್ತೆ ಒಲೆಯ ಮುಖ ತೋರಿಸಬಾರದು. ಅಂಗಿಗೆ ಹೇಗೋ ಇದಕ್ಕೂ ಒಂದು ಕ್ರಮವಿದೆ ಎಂದು ತಿಳಿದದ್ದೇ ತಡ, ಅಕ್ಕನ ಕೈ ಹದಕ್ಕೆ ಬಂದುಬಿಟ್ಟಿತು. ಅಪ್ಪನಿಗೂ ಪ್ರತಿ ಸಲ ಒಂದೊಂದು ಗುಟುಕು ಹೋಗುತ್ತಿತ್ತು. ಅವರು ಪ್ರತಿ ಸಲವೂ ಏನೋ ಕಡಿಮೆಯಾಯಿತು ಎನ್ನುತ್ತಿದ್ದರು. ವಯಸ್ಸಾಯಿತು, ಪಾಪ, ಎಂದು ಮಕ್ಕಳಿಬ್ಬರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಸಂಜೆಯ ಹೊತ್ತಿಗೆ ತಮ್ಮನ ಕೈಬೆರಳು ತಾಳ ಹಾಕುತ್ತಿದ್ದವು, ಎದೆ ಲಿಫ್ಟಿನಲ್ಲಿ ಸಿಕ್ಕಿದವನ ಹಾಗೆ ಬಡಿದುಕೊಳ್ಳುತ್ತಿತ್ತು. ಆಗ ಬಂತು ಆ ಲೋಟ. ಬಾಯಿಗೆ ಹಾಕಿಕೊಂಡ. ಅಕ್ಕ ಬೆರಳಿಟ್ಟು ಕಾದಳು. ಗಂಟಲು ಅಲ್ಲಾಡಲಿಲ್ಲ. ಇನ್ನೂ ಕಾದಳು.

"ನುಂಗೋ."

ಅವನಿಗೆ ಮನಸ್ಸಿರಲಿಲ್ಲ. ತಲೆಯಾಡಿಸಿ, ಇನ್ನಷ್ಟು ಹೊತ್ತು ಹಾಗೇ ಇಟ್ಟುಕೊಂಡ. ಅಕ್ಕ ಅವನ ಗಂಟಲಿನಿಂದ ಬೆರಳು ತೆಗೆದು, ಸುಮ್ಮನೆ ಒಮ್ಮೆ ಅವನ ತಲೆ ಸವರಿದಳು.

ಭಾನುವಾರ ಮಾಲೀಕರು ಬಂದರು. ಗರಿಗರಿಯಾದ ಬಿಳಿ ಅಂಗಿ, ಅಕ್ಕನೇ ಇಸ್ತ್ರಿ ಮಾಡಿದ್ದು. ಕುರ್ಚಿಯಲ್ಲಿ ಕೂತರೆ ಎಲ್ಲಿ ಮುದುಡುತ್ತದೋ ಎಂದು ಬೆನ್ನು ನೆಟ್ಟಗೆ ಮಾಡಿ ಕೂತರು. ಅಪ್ಪ ಬಸ್ಸುಗಳ ಕಾಲ ಹೇಗೆ ಕೆಟ್ಟಿತೆಂದು ವಿವರಿಸುತ್ತಿರುವಾಗ ಅಕ್ಕ ಕಾಫಿ ತಂದಳು. ಮಾಲೀಕರು ಕುಡಿದರು. ಕುಡಿದು, ಮುಖ ತುಂಬ ನಕ್ಕು, ಬಹಳ ಚೆನ್ನಾಗಿದೆಯಮ್ಮ ಎಂದರು.

ತಮ್ಮನ ಎದೆಯ ಮೇಲಿನ ಬಂಡೆ ಇಳಿಯಿತು. ಇನ್ನು ಲೋಟ ಖಾಲಿಯಾಗುವುದು, ಎದ್ದು ಹೋಗುವುದು, ಅಷ್ಟೇ ಬಾಕಿ. ಆದರೆ ಅಕ್ಕ ನಿಂತಲ್ಲೇ ನಿಂತಿದ್ದಳು. ಅವಳ ಕಣ್ಣು ಮಾಲೀಕರ ಕಾಲರಿನ ಮೇಲ್ಭಾಗದಲ್ಲಿ ನೆಟ್ಟಿತ್ತು. ಎರಡನೇ ಗುಟುಕು ಹೋಯಿತು. ಅಕ್ಕ ಮುಂದೆ ಬಂದು, ಕೈಚಾಚಿ, ಅವರ ಕೈಯಲ್ಲಿದ್ದ ಅರ್ಧ ಲೋಟವನ್ನು ತೆಗೆದುಕೊಂಡುಬಿಟ್ಟಳು.

"ನುಂಗಿಬಿಟ್ರಿ ಸಾರ್. ಚೆನ್ನಾಗಿದ್ರೆ ಬಾಯಲ್ಲಿ ಇರ್ತಿತ್ತು. ಏನಾಯ್ತು ಹೇಳಿ, ಕಹೀನಾ, ತೆಳ್ಳಗಾಯ್ತಾ?"

ಗೆದ್ದ ಆಟವನ್ನು ಯಾರಾದರೂ ಹೀಗೆ ಕೈಯಾರೆ ಕೆಡವುತ್ತಾರೆಯೇ. ತಮ್ಮನೊಳಗಿನ ಸಮಾಧಾನಪ್ಪ ತಡೆಯಲಾರದೆ ಎದ್ದು, ಸಾರ್, ಅಕ್ಕ ಹೇಳುತ್ತಿರುವುದು ಏನೆಂದರೆ, ಎಂದು ಶುರುಮಾಡಿದ. ನೀನು ಸುಮ್ನಿರು, ಎಂದಳು ಅಕ್ಕ. ಅವನು ಕೂತ.

ಮಾಲೀಕರು ಖಾಲಿ ಕೈ ನೋಡಿಕೊಂಡರು. ಕೊಟ್ಟ ಲೋಟವನ್ನು ಅವರಿಂದ ವಾಪಸ್ಸು ಕಿತ್ತುಕೊಂಡವರು ಅವರ ಜೀವಮಾನದಲ್ಲಿ ಯಾರೂ ಇರಲಿಲ್ಲವೇನೋ. ಇಲ್ಲಮ್ಮ, ಚೆನ್ನಾಗೇ ಇತ್ತು, ಎಂದರು. ಅಕ್ಕ ಕದಲಲಿಲ್ಲ.

"ನಂಗೆ ವಾಸನೆ ಬರಲ್ಲ ಸಾರ್. ಜ್ವರದಲ್ಲಿ ಹೋಯ್ತು. ನೀವು ತಾಳ್ಮೆ ಅಂದಿದ್ದೆಲ್ಲ ಅದೇ. ಕುಡಿಯೋರನ್ನ ನೋಡಿಯೇ ನಾನು ಕಾಫಿ ಮಾಡೋದು, ಅದಕ್ಕೆ ಕುಡಿಯೋರು ನಿಜ ಹೇಳ್ಬೇಕು. ಇದು ಆಗಲ್ಲ ಅಂದ್ರೆ ಈಗ್ಲೇ ಹೇಳಿಬಿಡಿ, ಬೇಜಾರಿಲ್ಲ."

ಬೇಜಾರಿಲ್ಲ ಎಂದ ಬಾಯಿ ಒಣಗಿತ್ತು. ಮಾಲೀಕರು ಬಾಗಿಲ ಕಡೆ ನೋಡಿದರು, ಅಪ್ಪನ ಕಡೆ ನೋಡಿದರು, ಆಮೇಲೆ ತಪ್ಪು ಮಾಡಿದವರಂತೆ ದನಿ ತಗ್ಗಿಸಿದರು.

"ಸಕ್ಕರೆ ಕಣಮ್ಮ. ನಂಗೆ ಸಕ್ಕರೆ ಆಗಲ್ಲ ಕಾಫಿಗೆ. ಮದುವೆಯಾದ ಮೊದಲ ದಿನ ಮನೇಲಿ ಮೂರು ಚಮಚ ಹಾಕಿ ಕೊಟ್ರು, ಚೆನ್ನಾಗಿದೆ ಅಂದುಬಿಟ್ಟೆ. ಇವತ್ತಿಗೂ ಮೂರೇ."

ಅಕ್ಕ ಒಳಗೆ ಹೋದಳು. ನೀರು ಕಾಯುವ ಸದ್ದು, ಸುಮ್ಮನಾಗುವ ಮೌನ, ಧಾರೆ ಬೀಳುವ ಸಣ್ಣ ಸದ್ದು. ಹೊರಗೆ ಮೂವರು ಗಂಡಸರು ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರಂತೆ ಕೂತಿದ್ದರು. ಹೊಸ ಲೋಟ ಬಂತು. ಮಾಲೀಕರು ಕುಡಿದರು. ಈ ಸಲ ಅವರು ನಗಲಿಲ್ಲ, ಹೊಗಳಲಿಲ್ಲ. ಕಣ್ಣು ಅರೆಮುಚ್ಚಿ ಸುಮ್ಮನೆ ಕೂತರು. ನೆಟ್ಟಗಿದ್ದ ಬೆನ್ನು ಮೆಲ್ಲಗೆ ಕುರ್ಚಿಗೆ ಒರಗಿತು, ಅಂಗಿ ಮುದುಡಿತು. ಕಾಲರಿನ ಮೇಲೆ ಏನೂ ಅಲುಗಾಡಲಿಲ್ಲ. ತಮ್ಮ ಅಕ್ಕನನ್ನು ನೋಡಿದ. ಅಕ್ಕ ಮಾಲೀಕರ ಗಂಟಲನ್ನು ನೋಡುತ್ತಿದ್ದಳು.

ಹೊರಡುವಾಗ ಮಾಲೀಕರು ಮಿಷನ್ ಬಂದ ದಿನದಿಂದ ಕೌಂಟರು ನಿಮ್ಮದು ಎಂದರು. ಆದರೆ ಗಿರಾಕಿಗಳ ಕೈಯಿಂದ ಲೋಟ ಕಿತ್ತುಕೊಳ್ಳಬೇಡಿ, ಕೇಳಿ ತೆಗೆದುಕೊಳ್ಳಿ, ಎಂದೂ ಸೇರಿಸಿದರು. ಮೆಟ್ಟಿಲಿಳಿದು ಮತ್ತೆ ಎರಡು ಮೆಟ್ಟಿಲು ಹತ್ತಿ ಬಂದು, ಸಕ್ಕರೆಯ ವಿಷಯ ಹೆಂಡತಿಯ ಕಿವಿಗೆ ಬೀಳುವುದು ಬೇಡ ಎಂದು ಕೇಳಿಕೊಂಡರು. ತಮ್ಮ, ನೀವು ನಿಶ್ಚಿಂತೆಯಾಗಿರಿ ಸಾರ್, ಎಂದ.

ಬಾಗಿಲು ಹಾಕಿದ ಮೇಲೆ ಅಕ್ಕ ಸ್ಟೂಲಿನ ಮೇಲೆ ಕುಸಿದು ಕೂತು ನಗತೊಡಗಿದಳು. ತಮ್ಮನೂ ನಕ್ಕ. ಅಪ್ಪ ಮಾತ್ರ ನಗಲಿಲ್ಲ. ಎದುರಿಗಿದ್ದ ಲೋಟವನ್ನು ಬೆರಳ ತುದಿಯಿಂದ ಆಚೆ ಸರಿಸಿದರು.

"ಎಲ್ಲ ಸರಿ. ನನ್ನ ಕಾಫಿ ಎಲ್ಲಿ?"

"ನಿಮ್ಮೆದುರಿಗೇ ಇದೆಯಲ್ಲಪ್ಪ."

"ಇದಲ್ಲಮ್ಮ. ನೀನು ದಿನಾ ಮಾಡ್ತಿದ್ದೆಯಲ್ಲ, ಅದು. ಚೆನ್ನಾಗಿ ಕುದ್ದಿರೋದು. ಡ್ಯೂಟಿ ಮುಗಿಸಿ ಡಿಪೋಗೆ ಬಂದಾಗ ಅಲ್ಲಿನ ಡ್ರಮ್ಮಲ್ಲಿ ಬೆಳಿಗ್ಗೆಯಿಂದ ಕುದೀತಾ ಇರೋದು, ಥೇಟ್ ಅದೇ ರುಚಿ. ರಿಟೈರ್ ಆದ್ಮೇಲೆ ಇನ್ನೆಲ್ಲೂ ಸಿಗಲಿಲ್ಲ ಅದು. ನಿನ್ನೆಯಿಂದ ಹೇಳ್ತಾನೇ ಇದ್ದೀನಿ, ಏನೋ ಕಡಿಮೆ ಆಗಿದೆ ಅಂತ. ನನ್ನ ಮಾತು ಯಾರು ಕೇಳ್ತೀರ ಈ ಮನೇಲಿ?"

ಅಕ್ಕ ತಮ್ಮನ ಮುಖ ನೋಡಿದಳು. ತಮ್ಮ ಅಪ್ಪನ ಮುಖ ನೋಡಿದ. ಹಾಗಾದ್ರೆ ಇಷ್ಟು ವರ್ಷ ಇವರು, ಎಂದು ಅವನು ಬಾಯಿ ತೆರೆದ. ಮನೆಯಲ್ಲಿ ಒಬ್ಬ ಪ್ರಾಮಾಣಿಕ ಮನುಷ್ಯ ಪೇಪರು ಹಿಡಿದು ಕೂತಿದ್ದ, ಅವನನ್ನು ಇವನು ದೊಡ್ಡ ನಟನೆಂದು ತಿಳಿದು ಮನಸ್ಸಿನಲ್ಲೇ ಕೈಮುಗಿಯುತ್ತಿದ್ದ.

ಅಕ್ಕ ಎದ್ದು ಒಳಗೆ ಹೋದಳು. ಆ ದಿನ ಸೋಸಿ ಉಳಿದ ಚರಟವನ್ನೆಲ್ಲ ಒಂದು ಪಾತ್ರೆಗೆ ಸುರಿದು, ತಣ್ಣೀರು ಹೊಯ್ದು, ಒಲೆಯ ಉರಿ ದೊಡ್ಡದು ಮಾಡಿದಳು.

"ಕುದೀಲಿ," ಎಂದರು ಅಪ್ಪ ಹೊರಗಿನಿಂದ. "ನಂಗೇನು ಅವಸರ ಇಲ್ಲ."